ನಿನ್ನೆಯ ವಿಳಾಸ

ಸರ್ವರ್‌ಗಳಿಗೆ ಹೆಸರು ಕೊಡುವುದು ತನಗೆ ನೀರು ಕುಡಿದಷ್ಟು ಸುಲಭ ಎಂದು ಸಿದ್ದೇಶ ಸೋಮವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಕುಳಿತು ಘೋಷಿಸಿದ.

"ಮೂರು ಟೆಸ್ಟ್ ಸರ್ವರ್, ಮೂರು ಹೆಸರು. ಗುರುವಾರ ಸಾಹೇಬ್ರು ಹೆಸರು ಹೊಡೀತಾರ, ನಮ್ಮ ದೂರು ವಿಭಾಗದ ವೆಬ್‌ಸೈಟ್ ಬಂದು ಕಣ್ಮುಂದ ನಿಲ್ತೈತಿ. ಆಮ್ಯಾಲೆ ನನ್ನ ನಾಗಪುರದಿಂದ ಅಲುಗಾಡಿಸೋರು ಯಾರೂ ಇಲ್ಲ."

"ಅದಿರ್ಲಿ, ಆಫೀಸ್ನ್ಯಾಗ ನಮ್ಮ ಮನಿ ವಿಳಾಸ ಬದಲಿ ಮಾಡಿಸಿದ್ರೇನು?" ಹೆಂಡತಿ ಭಾನುಮತಿ ಕೇಳಿದಳು. "ಇಲ್ಲಿಗೆ ಬಂದು ಎಂಟು ತಿಂಗಳಾತು. ಇನ್ನೂ ಖಾಪರಖೇಡಾದ್ದೇ ಐತಿ."

"ಜಗತ್ತಿಗೆ ವಿಳಾಸ ಬರಿಯಾಂವಗ ವಿಳಾಸದ ಪಾಠ ಹೇಳ್ತೀಯೇನು?" ಎಂದು ಸಿದ್ದೇಶ ಕೈ ತೊಳೆದ.

ಹದಿನಾರು ವರ್ಷ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಮಾಡಿ, ಕಲ್ಲಿದ್ದಲ ಬೂದಿ ಕುಡಿದು, ಕಂಪನಿಯ ನಾಗಪುರದ ಸಿವಿಲ್ ಲೈನ್ಸ್ ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ತಾತ್ಕಾಲಿಕವಾಗಿ ಬಂದವನು ಸಿದ್ದೇಶ. ಪ್ರತಾಪ ನಗರದ ಬಾಡಿಗೆ ಮನೆ, ಎರಡು ಓಣಿಯಾಚೆ ಮಗಳು ಶ್ರೀರಕ್ಷಾಳ ಶಾಲೆ. ಅವಳೀಗ ಹತ್ತನೆಯ ಇಯತ್ತೆ. ಗುರುವಾರ ಗೆದ್ದರೆ ಇಲ್ಲೇ ಕಾಯಂ, ಸೋತರೆ ಮರಳಿ ಬೂದಿ.

ಸ್ಥಾವರದ ಕೆಲಸ ಅವನ ಮೈಗೆ ಒಂದು ಗುಣ ಅಂಟಿಸಿತ್ತು. ಬಳಸದೇ ಉರಿಯುವ ದೀಪ ಕಂಡರೆ ಅವನ ಕೈ ಸ್ವಿಚ್ಚಿಗೆ ಹೋಗುತ್ತಿತ್ತು. ಕರೆಂಟು ಹುಟ್ಟುವ ಕಷ್ಟ ಕಣ್ಣಾರೆ ಕಂಡವನಲ್ಲವೇ? ನೆಂಟರ ಮನೆಯಲ್ಲೂ ಫ್ಯಾನ್ ಆರಿಸಿಯೇ ಹೊರಗೆ ಕಾಲಿಡುತ್ತಿದ್ದ, ನೆಂಟರು ಇನ್ನೂ ಒಳಗೆ ಕುಳಿತಿದ್ದರೂ. ಇಂಥ ಮಹಾಪುರುಷನ ಕೈಗೆ ಸರ್ವರ್ ಸಿಕ್ಕವು. ಮೂರನ್ನೂ ಒಂದೇ ಏಟಿಗೆ ಮಲಗಿಸಲು ಮೊಬೈಲಿನಲ್ಲಿ 'ಎಲ್ಲಾ ಬಂದ್' ಎಂಬ ಗುಂಡಿ ಮಾಡಿಕೊಂಡ. ಸಂಜೆ ಮನೆಗೆ ಹೊರಟಾಗ ಲೈಟು, ಫ್ಯಾನು, ಗುಂಡಿ.

ಮಂಗಳವಾರ ಸಾಹೇಬರಾದ ಲಕ್ಷ್ಮೀನಾರಾಯಣರ ಫೋನು ಬಂತು. "ಏನ್ರೀ ಸಿದ್ದೇಶ್, ನೀವು ಕೊಟ್ಟ ಹೆಸರು ಹೊಡೆದ್ರೆ ಪುಟ ತೆರೀತಾನೇ ಇಲ್ಲ."

"ನನ್ನ ಯಂತ್ರದಾಗ ಬರೋಬರ್ ತೆಗೀತೈತಲ್ರಿ ಸರ್."

ಬುಧವಾರ ಮತ್ತೆ ಫೋನು. "ಈಗ ತೆರೀತು. ಕೋಳಿಮರಿ ಬರ್ತಿವೆ. ಹಳದಿ ಕೋಳಿಮರಿ. ನೂರರ ಬುಟ್ಟಿಗೆ ಆರ್ಡರ್ ಮಾಡಿ ಅಂತಿದೆ. ಟ್ರಾನ್ಸ್‌ಫಾರ್ಮರ್ ಸುಟ್ಟೋದ ಗಿರಾಕಿ ಇದನ್ನ ತಗೊಂಡು ಏನ್ ಮಾಡ್ಬೇಕು?"

ಸಂಜೆ ಮನೆಗೆ ಬಂದ ಸಿದ್ದೇಶ ಚಹಾ ಮುಟ್ಟಲಿಲ್ಲ. ಮಗಳು ಹೋಮ್‌ವರ್ಕ್ ಬರೆಯುತ್ತಿದ್ದ ಮೇಜನ್ನು ನೋಡಿದರೆ ಅಳು ಬರುವಂತಾಗುತ್ತಿತ್ತು. ಭಾನುಮತಿ ಕೇಳಿದ್ದಕ್ಕೆ ಎಲ್ಲವನ್ನೂ ಒದರಿದ. ಕ್ಲೌಡ್‌ನಲ್ಲಿ ಸರ್ವರ್ ಎಂದರೆ ಬಾಡಿಗೆ ಕೋಣೆ ಇದ್ದಂತೆ. ಯಾವ ಹೆಸರಿನವರು ಯಾವ ನಂಬರಿನ ಕೋಣೆಯಲ್ಲಿದ್ದಾರೆ ಎಂದು ಹೇಳುವ ಪಟ್ಟಿಯೇ ಡಿಎನ್‌ಎಸ್. ಆ ಪಟ್ಟಿಯನ್ನು ಒಮ್ಮೆ ಓದಿದ ಯಂತ್ರ ಇಡೀ ದಿನ ಅದನ್ನೇ ನೆನಪಿಟ್ಟುಕೊಳ್ಳಲಿ ಎಂದು ತಾನೇ ಕಟ್ಟಳೆ ಹಾಕಿದ್ದ, ಪದೇ ಪದೇ ಕೇಳುವ ಉಪದ್ವ್ಯಾಪ ತಪ್ಪಲಿ ಎಂದು.

"ಸರ್ವರ್ ಆರಿಸಿ ಮತ್ತ ಹಚ್ಚಿದ್ರ ಅದೇ ಕೋಣಿ ಸಿಗ್ತೈತೇನು?" ಎಂದಳು ಭಾನುಮತಿ.

"ಎಲ್ಲಿ ಸಿಗ್ತೈತಿ, ಹೊಸಾ ನಂಬರ್. ದಿನಾ ಮುಂಜಾನೆ ಪಟ್ಟಿಯೊಳಗ ಹೊಸಾದ್ದು ಬರೀತೀನಿ. ನನ್ನ ಯಂತ್ರಕ್ಕ ಹಳೇದು ಮರಿಸಿ ಹೊಸಾದು ಕಲಿಸ್ತೀನಿ."

"ಸಾಹೇಬ್ರ ಯಂತ್ರಕ್ಕ ಯಾರು ಕಲಿಸ್ತಾರ? ಅದು ನಿನ್ನಿ ಕೋಣಿಗೆ ಹೋಗಿ ಬಾಗಿಲಾ ಬಡೀತೈತಿ. ಅಲ್ಲಿ ಕೋಳಿ ಮಾರಾಂವ ಬಂದು ಕುಂತಾನ. ಆರಿಸೋದು ಬಿಡ್ರಿ."

ಎರಡು ದಿನ ತಲೆ ಕೆರೆದುಕೊಂಡರೂ ಸಿದ್ದೇಶನಿಗೆ ಹೊಳೆಯದ್ದು ಸೊಪ್ಪು ಸೋಸುತ್ತ ಕುಳಿತವಳಿಗೆ ಹೊಳೆದಿತ್ತು. ಕೂಡಲೇ ಮೂರನ್ನೂ ಹಚ್ಚಿ, ಪಟ್ಟಿಯನ್ನು ಸರಿಮಾಡಿ, ಸರ್ವರ್‌ಗಳನ್ನು ಉರಿಯುವಂತೆಯೇ ಬಿಟ್ಟ. ಅಂದು ಅವನಿಗೆ ನಿದ್ದೆ ಹತ್ತಲಿಲ್ಲ.

ಗುರುವಾರ ಹನ್ನೊಂದಕ್ಕೆ, ಹಳೆಯ ನೆನಪಿನ ಗಡುವು ಮುಗಿದ ಮೇಲೆ, ಸಾಹೇಬರು ತಮ್ಮ ಯಂತ್ರದಲ್ಲೇ ಹೆಸರು ಹೊಡೆದರು. ದೂರು ವಿಭಾಗ ಮದುವಣಗಿತ್ತಿಯಂತೆ ಬಂದು ನಿಂತಿತು. "ಭೇಷ್. ಚಹಾ ಕುಡಿದು ಬರೋಣ. ಆಮೇಲೆ ದೊಡ್ಡ ಸಾಹೇಬರೂ ಬರ್ತಾರೆ, ಅವರಿಗೆ ತೋರಿಸಿ" ಎಂದರು. ಎಲ್ಲರೂ ಎದ್ದರು. ಸಿದ್ದೇಶನ ಎದೆ ಎರಡು ಇಂಚು ಉಬ್ಬಿತ್ತು. ಕೊನೆಯವನಾಗಿ ಕೋಣೆಯಿಂದ ಹೊರಬಿದ್ದ. ಲೈಟು ಆರಿಸಿದ. ಫ್ಯಾನು ಆರಿಸಿದ. ಕೈ ತಾನಾಗಿಯೇ ಜೇಬಿನ ಮೊಬೈಲಿಗೆ ಹೋಯಿತು.

ಚಹಾದ ಎರಡನೇ ಗುಟುಕಿಗೆ ಅವನಿಗೆ ನೆನಪಾಯಿತು. ಓಡಿ ಬಂದು ಮೂರನ್ನೂ ಹಚ್ಚಿದ. ಕೋಣೆ ಹೊಸದು, ನಂಬರು ಹೊಸದು. ಸಾಹೇಬರ ಯಂತ್ರ ಮಾತ್ರ ಬೆಳಗಿನ ಪಾಠವನ್ನೇ ಒಪ್ಪಿಸುತ್ತಿತ್ತು. ಮರೆಸೋಣವೆಂದು ಕೀಲಿಮಣೆಗೆ ಕೈ ಹಾಕುವಷ್ಟರಲ್ಲಿ ದೊಡ್ಡ ಸಾಹೇಬರು ಕುರ್ಚಿ ಎಳೆದುಕೊಂಡು ಕುಳಿತಾಗಿತ್ತು. ಬಿಳಿ ಪರದೆಯನ್ನು ಐದು ನಿಮಿಷ ನೋಡಿ ಎದ್ದು ಹೋದರು. ಕೋಳಿಮರಿಯಾದರೂ ಬರಬಾರದಿತ್ತೇ ಎಂದುಕೊಂಡ ಸಿದ್ದೇಶ.

ಮರುವಾರ ವರ್ಗಾವಣೆಯ ಆರ್ಡರು ಹೊರಟಿದೆ ಎಂಬ ಸುದ್ದಿ ಕಚೇರಿಯಲ್ಲಿ ಹಬ್ಬಿತು. ದಿನಾ ಕಾದರೂ ಅವನ ಕೈಗೆ ಕಾಗದ ಬರಲಿಲ್ಲ. ರದ್ದಾಗಿರಬೇಕೆಂದು ಅವನ ಜೀವ ಚಿಗುರಿತು. ಭಾನುವಾರ ಖಾಪರಖೇಡಾದಿಂದ ಹಳೆಯ ನೆರೆಮನೆಯ ಪೊನ್ನಪ್ಪ ಫೋನ್ ಮಾಡಿದ. "ನಿಮ್ಮ ಹೆಸರಿಗೆ ರಿಜಿಸ್ಟರ್ ಪೋಸ್ಟ್ ಬಂದಿತ್ತು, ನಾನೇ ಸಹಿ ಹಾಕಿ ತಗೊಂಡೆ. ಒಂದನೇ ತಾರೀಖಿಂದ ಇಲ್ಲೇ ಡ್ಯೂಟಿಯಂತೆ. ಕ್ವಾರ್ಟರ್ಸೂ ನಿಮ್ಮ ಹಳೇದೇ ಕೊಟ್ಟಿದ್ದಾರೆ."

ಸಿದ್ದೇಶ ಫೋನ್ ಕೆಳಗಿಟ್ಟು ಸುದ್ದಿ ಹೇಳಿದ. ಶ್ರೀರಕ್ಷಾ ಪುಸ್ತಕ ಮುಚ್ಚಿ ಒಳಗೆ ಹೋದಳು. ಅವನು, "ನಾಳೆ ಮೊದಲ ಕೆಲಸ, ಆಫೀಸಿಗೆ ಹೋಗಿ ವಿಳಾಸ ಬದಲಿ ಮಾಡಿಸ್ತೀನಿ" ಎಂದ, ಸಣ್ಣ ದನಿಯಲ್ಲಿ.

ಭಾನುಮತಿ ಅಟ್ಟದಿಂದ ಟ್ರಂಕು ಇಳಿಸುತ್ತಿದ್ದಳು.

"ಈಗ್ಯಾಕ್ರಿ? ಇನ್ನ ಮ್ಯಾಲೆ ಹಳೇದೇ ಬರೋಬರ್ ಐತಲ್ಲ."