ನೆಲದಲ್ಲಿ ನಾಲ್ಕು ತೂತಿದ್ದ ಗಾಲಿಮನೆ

ಎಂಬತ್ತರ ದಶಕದ ಆರಂಭದಲ್ಲಿ ನಾವು ಕುವೈತಿನ ಹವಲ್ಲಿಯ ಪುಟ್ಟ ಫ್ಲ್ಯಾಟೊಂದರಲ್ಲಿದ್ದೆವು. ವಾರದ ರಜೆಯ ಶುಕ್ರವಾರ ಬಂತೆಂದರೆ ಹೆಂಡತಿ ವಿಮಲಾಗೆ ಸಮುದ್ರ ಬೇಕು, ನನಗೆ ನೆರಳು ಬೇಕು. ಎರಡನ್ನೂ ಒಟ್ಟಿಗೆ ಒದಗಿಸುವ ಉಪಾಯ ಒಂದು ದಿನ ಹೊಳೆಯಿತು: ಗಾಲಿಯ ಮೇಲಿನ ಪುಟ್ಟ ಮನೆ! ನಾನು ಇಂಜಿನಿಯರ್. ಇಂಥದ್ದನ್ನು ಆರಿಸಲು ನನಗಿಂತ ಅರ್ಹರು ಇಡೀ ಕುವೈತಿನಲ್ಲಿ ಇದ್ದಿರಲಾರರು.

ಅಹ್ಮದಿ ಕಡೆಯ ಒಂದು ಅಂಗಳದಲ್ಲಿ ಅಂಥ ಎರಡು ಮಾರಾಟಕ್ಕಿದ್ದವು. ಒಂದಕ್ಕೆ ಹೂವಿನ ಪರದೆ, ದೊಡ್ಡ ಕಿಟಕಿ. ಇನ್ನೊಂದು ತಗಡಿನ ಡಬ್ಬಿಯಂತಿತ್ತು. ಆದರೆ ಹಿಡಿ ತಿರುಗಿಸಿದರೆ ಗಾಲಿಗಳು ಮೇಲೆದ್ದು ಇಡೀ ಮನೆ ನೆಲಕ್ಕೆ ಕೂರುತ್ತಿತ್ತು! ಒಳಗೆ ನೆಲದಲ್ಲಿ ನಾಲ್ಕು ದುಂಡನೆಯ ತೂತು, ಒಂದೊಂದಕ್ಕೂ ಒಂದೊಂದು ಮುಚ್ಚಳ. ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಕೆನಡಾದವನೊಬ್ಬ ತನ್ನ ದೇಶದ ಮಾದರಿಯಲ್ಲಿ ಇಲ್ಲೇ ಮಾಡಿಸಿಕೊಂಡದ್ದಂತೆ.

ತೂತು ಯಾಕೆ ಎಂದು ಅವನನ್ನೇ ಕೇಳಿದೆ. ಆತ ಕೈ ತಿರುಗಿಸುತ್ತಾ ಐದು ನಿಮಿಷ ವಿವರಿಸಿದ. ಅವನ ಉಚ್ಚಾರಣೆಯಲ್ಲಿ ನನ್ನ ಕಿವಿಗೆ ಸಿಕ್ಕಿದ್ದು "ನೈಸ್", "ಫ್ರೆಶ್" ಎಂಬ ಎರಡೇ ಪದ. ಗಂಭೀರವಾಗಿ ತಲೆಯಾಡಿಸಿದೆ.

"ಏನಂತೆ?" ಎಂದಳು ವಿಮಲಾ.

"ಫ್ರೆಶ್ ಏರ್ ಕಣೆ. ಕೆಳಗಿಂದ ತಂಗಾಳಿ ಬರುತ್ತೆ."

"ರೀ, ಅದಕ್ಕೆ ಕಿಟಕಿ ಇದೆ. ಇದಕ್ಕೆ ತೂತಿದೆ. ಕಿಟಕೀದೇ ತಗೊಳ್ಳೋಣ."

"ನಿಂಗೆ ಗೊತ್ತಾಗಲ್ಲ. ಇದು ಟೆಕ್ನಿಕಲ್."

ತೂತಿನದೇ ಬಂತು!

ಮುಂದಿನ ಶುಕ್ರವಾರ ಮೇಲಿನ ಮಹಡಿಯ ಲೋಬೊ ಅದನ್ನು ತಮ್ಮ ಪಿಕಪ್ಪಿಗೆ ಕಟ್ಟಿ ಫಿಂಟಾಸ್ ತೀರಕ್ಕೆ ಎಳೆದು ತಂದರು. ಅವರು ಮಂಗಳೂರಿನವರು, ಸಮುದ್ರ ಬಲ್ಲವರು. ದಡದ ಮರಳು ಮೆತ್ತಗಿತ್ತು. ಕೆಳಗೆ, ನೀರು ಹಿಂದೆ ಸರಿದಿದ್ದ ಕಡೆ, ಸಿಮೆಂಟು ಹಾಕಿದಂಥ ಗಟ್ಟಿ ನೆಲ. ಅಲ್ಲೇ ಎಂದು ತೀರ್ಮಾನಿಸಿದೆ.

"ಇಲ್ಲಿ ಬೇಡ ಮಾರಾಯ್ರೆ, ಮತ್ತೆ ನೀರು ಮೇಲೆ ಬರ್ತದೆ," ಎಂದರು ಲೋಬೊ.

"ಸಮುದ್ರ ಅಲ್ಲೆಲ್ಲೋ ಇದೆಯಲ್ರೀ!"

"ನಂಗೆಂತ? ಚರ್ಚಿಗೆ ಹೋಗಿ ಮಧ್ಯಾಹ್ನ ಬರ್ತೇನೆ," ಎಂದು ಅವರು ಪಿಕಪ್ ತೆಗೆದುಕೊಂಡು ಹೊರಟರು.

ಹಿಡಿ ತಿರುಗಿಸಿ ಮನೆಯನ್ನು ನೆಲಕ್ಕೆ ಕೂರಿಸಿದೆ. ಗಾಳಿಗೆ ಹಾರಬಾರದೆಂದು ನಾಲ್ಕು ಮೂಲೆಗೂ ಕಬ್ಬಿಣದ ಗೂಟ ಬಡಿದು, ಹಗ್ಗ ಬಿಗಿದು, ಗಂಟಿನ ಮೇಲೆ ಗಂಟು ಹಾಕಿದೆ. ಒಳಗೆ ಚಾಪೆ ಹಾಸಿ ಊಟಕ್ಕೆ ಕುಳಿತೆವು. ಬಿಸಿಬೇಳೆಬಾತು ಎರಡು ತುತ್ತು ತಿಂದಿರಬೇಕು.

"ರೀ, ನಿಮ್ಮ ಫ್ರೆಶ್ ಏರ್ ಒದ್ದೆಯಾಗಿದೆ."

ನೋಡಿದರೆ ಚಾಪೆ ನೆನೆದಿದೆ. ಅಷ್ಟರಲ್ಲಿ ಒಂದು ಮುಚ್ಚಳ 'ಗುಳುಕ್' ಎಂದು ಮೇಲೆದ್ದಿತು. ಹಾರಿ ಅದರ ಮೇಲೆ ನಿಂತೆ. ಪಕ್ಕದ್ದು ಎದ್ದಿತು. ಕಾಲು ಅಗಲಿಸಿ ಎರಡನ್ನೂ ತುಳಿದೆ. "ಉಳಿದೆರಡರ ಮೇಲೆ ನೀನು ನಿಲ್ಲು!" ಎಂದೆ. ಅವಳು ಪಾತ್ರೆ ಎತ್ತಿಕೊಂಡು ನಿಂತಳು.

"ಎಷ್ಟು ಹೊತ್ತು ಹೀಗೆ?"

"ಸಮುದ್ರ ವಾಪಸ್ ಹೋಗೋವರೆಗೂ!"

ಆಗ ನೀರು ಬಾಗಿಲಿನಿಂದ ಒಳಗೆ ಬಂತು.

ಮೊಣಕಾಲುದ್ದದ ನೀರಿನಲ್ಲಿ ಈಚೆ ಬಂದೆವು. ಗಂಟು ಬಿಚ್ಚಲು ಹೋದೆ. ಒಂದೂ ಬಿಚ್ಚಲಿಲ್ಲ. ಕಟ್ಟಿದ್ದು ಮಾತ್ರ ಅಷ್ಟು ಭದ್ರ!

ಲೋಬೊ ಬಂದವರೇ ಪ್ಯಾಂಟು ಮಡಚಿ ಒಳಗೆ ಇಣುಕಿದರು. ಪ್ರತಿ ತೂತಿನ ಮೇಲೂ ಗೋಡೆಗೆ ಒಂದೊಂದು ಕೊಕ್ಕೆ, ಬೆಂಚಿನ ಕೆಳಗೆ ದಾರದ ಉಂಡೆ, ಗಾಳ. ಅವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಇದು ಮೀನು ಹಿಡಿಯುವ ಮನೆ ಮಾರಾಯ್ರೆ! ನಮ್ಮ ಆಫೀಸಿನ ಕೆನಡಾದವರು ಫೋಟೋ ತೋರಿಸಿದ್ದಾರೆ. ಅಲ್ಲಿ ಚಳಿಗೆ ಕೆರೆಯೇ ಐಸ್ ಆಗ್ತದೆ. ಅದರ ಮೇಲೆ ಇದನ್ನು ಕೂರಿಸಿ, ಐಸಿಗೆ ತೂತು ಕೊರೆದು, ಒಳಗೆ ಬೆಚ್ಚಗೆ ಕೂತು ಗಾಳ ಬಿಡುವುದು!"

ನೈಸ್ ಅಲ್ಲ, ಐಸ್. ಫ್ರೆಶ್ ಅಲ್ಲ, ಫಿಶ್! ಏಳು ತಲೆಮಾರಿನಿಂದ ಮೀನು ಮುಟ್ಟದ ಮನೆತನದವನು ನಾನು.

ನೀರು ಇಳಿದ ಮೇಲೆ ಹಗ್ಗ ಕತ್ತರಿಸಿದೆವು. ಮರಳು ಕಚ್ಚಿಕೊಂಡು ಹಿಡಿ ತಿರುಗಲಿಲ್ಲ, ಗಾಲಿ ಇಳಿಯಲಿಲ್ಲ. ಲೋಬೊ ಇಡೀ ಮನೆಯನ್ನು ದರದರನೆ ಎಳೆದು ದಡ ಸೇರಿಸಿದರು. ಅದನ್ನು ಅವರಿಗೇ ಕೊಟ್ಟುಬಿಟ್ಟೆ. ಎಣ್ಣೆ ಬಿಟ್ಟು, ಗಾಲಿ ಇಳಿಸಿ, ನೀರಿನಂಚಿನಲ್ಲಿ ಗಾಲಿಯ ಮೇಲೇ ನಿಲ್ಲಿಸಿ ತೂತಿನಿಂದ ಗಾಳ ಬಿಟ್ಟು, ಅವರು ಪ್ರತಿ ಶುಕ್ರವಾರ ಮನೆ ತುಂಬ ಮೀನು ತರತೊಡಗಿದರು.

"ನೀವು ಆರಿಸಿದ್ದು ತುಂಬ ಒಳ್ಳೆಯದೇ ರೀ," ಎಂದಳು ವಿಮಲಾ. "ನಮಗೆ ಆಗಲಿಲ್ಲ, ಅಷ್ಟೆ."

ಅಂದಿನಿಂದ ನಮ್ಮ ಕಟ್ಟಡದಲ್ಲಿ ಫ್ರಿಜ್ ಕೊಳ್ಳಲಿ, ಕಾರು ಕೊಳ್ಳಲಿ, ಎಲ್ಲರೂ ಮೊದಲು ನನ್ನನ್ನೇ ಕರೆದುಕೊಂಡು ಹೋಗುತ್ತಿದ್ದರು. ನಾನು ಕೂಲಂಕಷವಾಗಿ ಪರಿಶೀಲಿಸಿ ಒಂದನ್ನು ಆರಿಸುತ್ತಿದ್ದೆ. ಅವರು ನಿಶ್ಚಿಂತೆಯಿಂದ ಇನ್ನೊಂದನ್ನು ತೆಗೆದುಕೊಳ್ಳುತ್ತಿದ್ದರು!