ಹದಿನೇಳನೇ ನಂಬರಿನ ಇಬ್ಬರು ಒಡೆಯರು

"ಶುಭಾ, ನಾಳೆ ನಾ ವಿಮಾನ ಹಾರ್ಸೋದು ನೋಡಿ ನಿಮ್ಮ ಕಾಕಾ ಮೂಗಿನ ಮ್ಯಾಲೆ ಬೆರಳ ಇಡಬೇಕು, ನೋಡ್ತಿರು!"

ಶನಿವಾರ ಸಂಜೆ ಭಾಂಡುಪಿನ ನಮ್ಮ ಒಂದು ಬೆಡ್‌ರೂಮಿನ ಸಾಮ್ರಾಜ್ಯದಲ್ಲಿ ನಾನು ಹೀಗೆಂದು ಘೋಷಿಸಿದೆ. ಎದುರಿಗಿದ್ದ ಪ್ರಜೆ ಒಬ್ಬಳೇ. ಅವಳೂ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

"ಮೊದಲ ಅದನ್ನ ಊಟದ ಟೇಬಲ್ ಮ್ಯಾಲಿಂದ ಇಳಸ್ರಿ," ಎಂದಳು ಶುಭಾಂಗಿ. "ಅದರ ರೆಕ್ಕಿ ಚಟ್ನಿ ಡಬ್ಬ್ಯಾಗ ಹೊಕ್ಕೈತಿ."

ಈ ವಿಮಾನದ ಹುಚ್ಚು ನನಗೆ ಹತ್ತಿಸಿದವರು ಶುಭಾಂಗಿಯ ಚಿಕ್ಕಪ್ಪ ಧರ್ಮಣ್ಣ. ರಿಫೈನರಿಯ ಕೆಲಸದಿಂದ ನಿವೃತ್ತರಾಗಿ ಚೆಂಬೂರಿನಲ್ಲಿದ್ದಾರೆ. ಹಗುರವಾದ ಕಟ್ಟಿಗೆ ಕೊರೆದು, ಅಂಟು ಹಚ್ಚಿ, ಮೋಟಾರು ಕೂಡಿಸಿ ಪುಟ್ಟ ವಿಮಾನ ಕಟ್ಟುತ್ತಾರೆ. ನೆಲದ ಮೇಲೆ ನಿಂತು ರೇಡಿಯೊದಿಂದ ಅದನ್ನು ಹಾರಿಸುತ್ತಾರೆ. ಮುಂಬೈ ಮೇಲೆ ನಿಜವಾದ ವಿಮಾನಗಳ ಓಡಾಟವಿರುವುದರಿಂದ ಊರೊಳಗೆ ಈ ಆಟ ನಡೆಯದು. ಬದ್ಲಾಪುರದಿಂದಾಚೆ ಒಂದು ಬಯಲಿಗೆ ಒಪ್ಪಿಗೆ ಪಡೆದಿದ್ದಾರೆ. ಭಾನುವಾರ ಗೆಳೆಯರೆಲ್ಲ ಅಲ್ಲಿ ಸೇರುತ್ತಾರೆ. ನನಗೂ ಒಂದು ಪುಟ್ಟ ವಿಮಾನ, ಒಂದು ಹಳೆಯ ರೇಡಿಯೊ ದಯಪಾಲಿಸಿದ್ದರು.

ಈಗಿನ ಹೊಸ ರೇಡಿಯೊಗಳು ತಮ್ಮ ದಾರಿ ತಾವೇ ಹುಡುಕಿಕೊಳ್ಳುತ್ತವಂತೆ. ಆದರೆ ಕಾಕಾ ಮತ್ತು ಅವರ ಗೆಳೆಯರಿಗೆ ಹಳೆಯ ಸೆಟ್ಟುಗಳೇ ಪ್ರಾಣ. ಪ್ರತಿ ಸೆಟ್ಟಿಗೂ ಒಂದು ನಂಬರು. ಒಂದೇ ನಂಬರಿನ ಎರಡು ಸೆಟ್ಟು ಒಮ್ಮೆಗೇ ಆನ್ ಆದರೆ ಮುಗಿಯಿತು, ಮೇಲಿರುವ ವಿಮಾನಕ್ಕೆ ಯಾರ ಮಾತು ಕೇಳಬೇಕೆಂದೇ ತಿಳಿಯುವುದಿಲ್ಲ. ಅದಕ್ಕೇ ಬಯಲಿನಲ್ಲಿ ಒಂದು ಬೋರ್ಡು, ಅದರ ಮೇಲೆ ನಂಬರು ಬರೆದ ಬಟ್ಟೆ ಕ್ಲಿಪ್ಪುಗಳು. ನಿಮ್ಮ ನಂಬರಿನ ಕ್ಲಿಪ್ಪು ಬೋರ್ಡಿನಲ್ಲಿದ್ದರೆ ತೆಗೆದು ಆಂಟೆನಾಕ್ಕೆ ಸಿಕ್ಕಿಸಿ, ಆಮೇಲೆ ಸ್ವಿಚ್ ಒತ್ತಿ. ಇಲ್ಲದಿದ್ದರೆ ಸುಮ್ಮನೆ ಕುಳಿತು ಚಹಾ ಕುಡಿಯಿರಿ.

ಇಷ್ಟನ್ನೂ ನಾನು ಭಾನುವಾರ ಶುಭಾಂಗಿಯ ಜೊತೆ ಬಯಲಿಗೆ ಕಾಲಿಟ್ಟೊಡನೆ ಎಲ್ಲರಿಗೂ ಬೋಧಿಸಿದೆ. ಅವರೆಲ್ಲ ಅದನ್ನು ನನಗಿಂತ ಎಷ್ಟೋ ವರ್ಷ ಮೊದಲೇ ಬಲ್ಲವರು ಎಂಬುದು ನನ್ನ ಉತ್ಸಾಹಕ್ಕೆ ಅಡ್ಡಿಯಾಗಲಿಲ್ಲ! ಕೊನೆಗೆ ಧರ್ಮಣ್ಣ ಕೈ ಮುಗಿದರು.

"ಅಳಿಯಂದ್ರ, ಇಷ್ಟ ತಿಳದೀರಿ ಅಂದಮ್ಯಾಲೆ ಇವತ್ತ ಬೋರ್ಡ್ ನೀವ ಕಾಯ್ರಿ."

ನಾನು ಬೋರ್ಡಿನ ಪಕ್ಕ ಕುರ್ಚಿ ಹಾಕಿಕೊಂಡು, ನನ್ನ ರೇಡಿಯೊ ಕೈಯಲ್ಲಿ ಹಿಡಿದು, ಗಡಿ ಕಾಯುವ ಸೇನಾನಿಯಂತೆ ಕುಳಿತೆ.

ಧರ್ಮಣ್ಣ ತಮ್ಮ ಹೊಸ ವಿಮಾನ ತೆಗೆದರು. ಹಳದಿ ರೆಕ್ಕೆ, ಕೆಂಪು ಬಾಲ. ಮಳೆಗಾಲವೆಲ್ಲ ಕುಳಿತು ಕಟ್ಟಿದ್ದು, ಅಂದು ಅದರ ಮೊದಲ ಹಾರಾಟ. ಹದಿನೇಳನೇ ನಂಬರಿನ ಕ್ಲಿಪ್ಪು ತೆಗೆದು ಆಂಟೆನಾಕ್ಕೆ ಸಿಕ್ಕಿಸಿದರು. ವಿಮಾನ ನೆಲ ಬಿಟ್ಟಿತು. ಒಂದು ಎಲೆಯೂ ಅಲುಗದ ಆ ಬೆಳಗಿನಲ್ಲಿ ಅದು ಏರಿದ ಚೆಂದಕ್ಕೆ ಎಲ್ಲರೂ ಚಪ್ಪಾಳೆ ಹೊಡೆದರು.

"ಕಾಕಾಂದು ಎಷ್ಟ ಛಂದ ಹಾರಾಕತ್ತೈತ್ರಿ!" ಎಂದಳು ಶುಭಾಂಗಿ. ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮ ರಿಮೋಟ್ ಖರೇನ ನಡೀತೈತೇನ್ರಿ? ಏನ್ ಸುಮ್ನ ಶೋಕಿಗೆ ಹಿಡಕೊಂಡೀರಿ?"

ಈ ಮಾತನ್ನು ಯಾವ ಗಂಡಸು ಸಹಿಸಿಯಾನು? "ರಿಮೋಟ್ ಅಲ್ಲ, ರೇಡಿಯೊ!" ಎಂದು ತಿದ್ದಿ, ಆಂಟೆನಾ ಸರ್ರನೆ ಎಳೆದು, ಸ್ವಿಚ್ ಒತ್ತಿದೆ. ಹಸಿರು ದೀಪ ಹತ್ತಿತು. "ನೋಡು! ಈ ಕಡ್ಡಿ ಎಡಕ್ಕ ಒತ್ತಿದ್ರ ಎಡಕ್ಕ, ಬಲಕ್ಕ ಒತ್ತಿದ್ರ ಬಲಕ್ಕ."

ಮೇಲೆ ಕಾಕಾನ ವಿಮಾನ ಕಾಲು ಜಾರಿದವರಂತೆ ಒಮ್ಮೆ ತೂರಾಡಿತು.

"ಯಾರ್ರಿ ಅದು?" ಧರ್ಮಣ್ಣ ಕೂಗಿದರು. "ಯಾರ ಹದಿನೇಳ ಆನ್ ಮಾಡ್ಯಾರ? ಆಫ್ ಮಾಡ್ರಿ!"

ನನ್ನೊಳಗಿನ ಸೇನಾನಿ ಎದ್ದು ನಿಂತ! "ಯಾರ್ರಿ ಅದು ಬೇಜವಾಬ್ದಾರಿ? ಶಿಸ್ತ ಅನ್ನೋದು ಐತೋ ಇಲ್ಲೋ?" ಎಂದು ಗರ್ಜಿಸಿದೆ. ಸಿಟ್ಟಿನಲ್ಲಿ ನನ್ನ ಹೆಬ್ಬೆರಳು ಕಡ್ಡಿಯನ್ನು ಆ ಕಡೆ ಈ ಕಡೆ ತಿರುವುತ್ತಲೇ ಇತ್ತು. ಇಬ್ಬರು ಸಾಹೇಬರ ನಡುವೆ ಸಿಕ್ಕ ಗುಮಾಸ್ತನಂತೆ ವಿಮಾನ ಆ ಕಡೆ ಈ ಕಡೆ ಹೊರಳಾಡುತ್ತ ನಮ್ಮ ನೆತ್ತಿಯ ಮೇಲೇ ಬಂತು.

ಶುಭಾಂಗಿ ಒಮ್ಮೆ ಆಕಾಶ ನೋಡಿದಳು, ಒಮ್ಮೆ ನನ್ನ ಕೈ ನೋಡಿದಳು. "ರೀ," ಎಂದಳು ಮೆಲ್ಲಗೆ, "ನೀವು ಎಡಕ್ಕ ಒತ್ತಿದ್ರ ಅದೂ ಎಡಕ್ಕ ಹೊಂಟೈತಲ್ರಿ?"

ನನ್ನ ರೇಡಿಯೊದ ಬೆನ್ನು ತಿರುಗಿಸಿ ನೋಡಿದೆ. ಹದಿನೇಳು! ಕೊಟ್ಟವರು ಕಾಕಾ ಅಲ್ಲವೇ, ಅವರ ಜೋಡಿ ಸೆಟ್ಟೇ ನನಗೆ ಬಂದಿತ್ತು; ಕೊಟ್ಟ ಅವರಿಗೂ ಅದು ಮರೆತೇ ಹೋಗಿತ್ತು. ತಟ್ಟನೆ ಆಫ್ ಮಾಡಿದೆ. ಅಷ್ಟರಲ್ಲಿ ತಡವಾಗಿತ್ತು. ಹಳದಿ ರೆಕ್ಕೆ ಬಯಲಿನ ಅಂಚಿಗೆ ಜಾರಿ, ಎಮ್ಮೆಗಳು ಮಲಗಿದ್ದ ಕೆಸರು ಹೊಂಡದಲ್ಲಿ ಧೊಪ್ಪೆಂದು ಬಿತ್ತು.

ಧರ್ಮಣ್ಣನ ಕಣ್ಣು ಸುತ್ತಲೂ ತಿರುಗಿ, ಮರದ ಕೆಳಗೆ ರೇಡಿಯೊ ಹಿಡಿದು ಕುಳಿತ ಶಾಂತಪ್ಪನ ಮೇಲೆ ನಿಂತಿತು. ಘಾಟ್ಕೋಪರಿನಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟ ಸಾಧು ಮನುಷ್ಯ.

"ಶಾಂತಪ್ಪಾ, ನಿನ್ನ ಕಡೆ ಇದನ್ನ ನಿರೀಕ್ಷಿಸಿರ್ಲಿಲ್ಲ."

"ಧರ್ಮಣ್ಣಾರ, ದೇವರಾಣೆ ಧೂಳ ಒರಸಾಕತ್ತಿದ್ದೆ! ಆನ್ ಮಾಡೇ ಇಲ್ರಿ!"

"ಅಳಿಯಂದ್ರ, ನೀವ ಹೇಳ್ರಿ. ಬೋರ್ಡ್ ನೀವ ಕಾಯ್ತಿದ್ರಿ."

ಎಲ್ಲರೂ ನನ್ನತ್ತ ನೋಡಿದರು. "ಮಾವ, ಈಗಿನ ಕಾಲದಾಗ ಮೊಬೈಲ್ ಟವರ್ ಭಾಳ ಆಗ್ಯಾವ ನೋಡ್ರಿ..." ಎಂದು ತೊದಲಿದೆ. ಶುಭಾಂಗಿ ಕೆಮ್ಮಿದಳು. ಮದುವೆಯಾದ ಗಂಡಸರಿಗೆ ಆ ಕೆಮ್ಮಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅತ್ತ ಶಾಂತಪ್ಪ ಮುಖ ಬಾಡಿಸಿಕೊಂಡು ರೇಡಿಯೊವನ್ನು ಚೀಲಕ್ಕೆ ತುರುಕುತ್ತಿದ್ದ. "ನನ್ನ ಮ್ಯಾಲೆ ನಂಬಿಕಿ ಇಲ್ಲಂದ್ರ ನಾ ಇನ್ನ ಬರೂದಿಲ್ರಿ," ಎನ್ನುವಾಗ ಅವನ ದನಿ ಒಡೆಯಿತು.

ನನಗೆ ತಡೆಯಲಾಗಲಿಲ್ಲ. "ಮಾವ, ಟವರ್ ಅಲ್ರಿ. ಶಾಂತಪ್ಪನೂ ಅಲ್ಲ. ನಾನ!"

ಧರ್ಮಣ್ಣ ನನ್ನನ್ನು ನೋಡಿದರು. ಪೂರ್ತಿ ಉದ್ದಕ್ಕೆ ಎಳೆದ ನನ್ನ ಆಂಟೆನಾ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಈಗರೆ ಆಫ್ ಮಾಡೀರೇನು?"

"ಮಾಡೇನ್ರಿ."

"ಅದೊಂದು ಛಲೋ ಆತು." ಅವರು ನೇರ ಶಾಂತಪ್ಪನ ಬಳಿ ಹೋಗಿ, ಅವನ ಎರಡೂ ಕೈ ಹಿಡಿದು, "ತಪ್ಪಾತಪ್ಪ, ದುಡುಕಿದೆ," ಎಂದರು. ಆಮೇಲೆ ಹೊಂಡದ ಕಡೆ ಬೆರಳು ತೋರಿಸಿದರು. "ಅಳಿಯಂದ್ರ, ಪ್ಯಾಂಟ್ ಮಡಚ್ರಿ."

ಮಡಚಿದೆ. ಮಡಚಿದ್ದು ಮೊಣಕಾಲಿನವರೆಗೆ, ಕೆಸರು ಬಂದದ್ದು ಸೊಂಟದವರೆಗೆ. ಎಮ್ಮೆಯೊಂದು ಮೆಲುಕು ಹಾಕುತ್ತ, ತನ್ನ ಕುಲದವನೇ ಬಂದನೆಂಬಂತೆ ಸರಿದು ಜಾಗ ಕೊಟ್ಟಿತು! ಒಂದು ರೆಕ್ಕೆ ಮುರಿದಿತ್ತು, ಉಳಿದದ್ದು ಗಟ್ಟಿಯಾಗಿತ್ತು. "ರಿಪೇರಿ ಆಗ್ತೈತಿ," ಎಂದರು ಧರ್ಮಣ್ಣ. ಆಗ ನನ್ನ ಜೀವ ಮರಳಿ ಬಂತು.

ಸಂಜೆ ಲೋಕಲ್‌ನಲ್ಲಿ ಮೂವರೂ ಹೊರಟೆವು. ಮುಂಬೈ ಲೋಕಲ್‌ನಲ್ಲಿ ಜನ ನನ್ನ ಸುತ್ತ ಅಷ್ಟೊಂದು ಜಾಗ ಬಿಟ್ಟು ನಿಂತದ್ದು ಅದೇ ಮೊದಲು. ನನ್ನ ಪ್ಯಾಂಟಿನ ಪರಿಮಳವೇ ಹಾಗಿತ್ತು! ಮೂಗು ಮುಚ್ಚಿಕೊಂಡಿದ್ದ ಒಬ್ಬ ಪ್ರಯಾಣಿಕ ಮುರಿದ ರೆಕ್ಕೆ ನೋಡಿ, ಬಿತ್ತೇನು ಎಂದು ಮರುಗಿದ. "ಅರೆ ಕಾಕಾ, ಗಿರ್ ಗಯಾ ಕ್ಯಾ?"

ಧರ್ಮಣ್ಣ ದೊಡ್ಡ ಮನಸ್ಸಿನವರು. ತಪ್ಪನ್ನು ಗಾಳಿಯ ಮೇಲೆ ಹಾಕಿ, ನಾಲ್ಕು ಜನರೆದುರು ಅಳಿಯನ ಮಾನ ಉಳಿಸಿದರು. "ಹಾಂ ಭಾಯಿ, ಹವಾ ಬಹುತ್ ಥಾ."

"ಸುಳ್ಳ್ಯಾಕ ಹೇಳ್ತಿ ಕಾಕಾ?" ಎಂದಳು ನನ್ನ ಅರ್ಧಾಂಗಿ. "ಬಯಲಾಗ ಹವಾ ಎಲ್ಲಿತ್ತು? ಇದ್ದದ್ದೆಲ್ಲಾ ಇವರದ!"