ಹಲಗೆಯ ಮೇಲಿನ ವಿಶ್ರಾಂತಿ

ಗಂಟೆಯಣ್ಣ ಚರ್ಚಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಸುಳ್ಳೇನಲ್ಲ.

‘ನಮ್ಮ ಪ್ರೀತಿಯ ಪಾಸ್ಟರ್ ವಿಶ್ರಾಂತಿ ಹೊಂದಿದ್ದಾರೆ. ಯಾರೂ ಬಾಗಿಲು ತಟ್ಟಬೇಡಿ.’

ಗಂಟೆ ಹೊಡೆಯುವುದು, ಕಸ ಗುಡಿಸುವುದು, ಹಲಗೆ ಬರೆಯುವುದು ಅವನ ಕೆಲಸ. ಹಿಂದಿನ ದಿನ ಆರಾಧನೆಯ ನಡುವೆ ಪಾಸ್ಟರ್ ಪ್ರಸಂಗಪೀಠ ಹಿಡಿದುಕೊಂಡೇ ಕುಸಿದಿದ್ದರು. ಮದುವೆ, ಮಣ್ಣು, ಆಸ್ಪತ್ರೆ, ಗಂಡಹೆಂಡಿರ ಜಗಳ ಎಂದು ಎಲ್ಲರ ಭಾರ ಹೊತ್ತು ತಿರುಗಿದ ಮನುಷ್ಯ. ನೆಟ್ಟಗೆ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತೋ. “ಇನ್ನೊಂದು ಸಲ ಬಿದ್ದರೆ ನನ್ನ ಕೈಲಿಲ್ಲ” ಎಂದರು ಡಾಕ್ಟರು. ಹೆದರಿದ ಸಭೆ ಅಲ್ಲೇ ಕೂತು, ಬೇಸಿಗೆ ಮುಗಿಯುವವರೆಗೆ ಅವರಿಗೆ ರಜೆ ಕೊಟ್ಟಿತು. ಮಧ್ಯಾಹ್ನದ ಬಸ್ಸಿಗೆ ಅವರು ಅಕ್ಕನ ಮನೆಗೆ ಹೊರಡಬೇಕಿತ್ತು.

“ಅಣ್ಣಾ, ಹೊರಡೋವರೆಗೂ ಯಾರನ್ನೂ ಒಳಗೆ ಬಿಡ್ಬೇಡಿ,” ಎಂದಿದ್ದರು ಪಾಸ್ಟರಮ್ಮ. “ಯಾರಾದ್ರೂ ಅತ್ತರೆ ಇವರು ಏಳ್ತಾರೆ. ಎದ್ದರೆ ಹೊರಡಲ್ಲ.”

ಗಂಟೆಯಣ್ಣ ಮಾತು ಕೊಟ್ಟ. ಅದರಲ್ಲಿ ಅವನದೂ ಸ್ವಲ್ಪ ಸ್ವಾರ್ಥವಿತ್ತು. ಪಾಸ್ಟರ್ ಇಲ್ಲವೆಂದರೆ ಬೆಳಗಿನ ಪ್ರಾರ್ಥನೆಯಿಲ್ಲ, ಪ್ರಾರ್ಥನೆ ಇಲ್ಲವೆಂದರೆ ಗಂಟೆಯಿಲ್ಲ. ಮನೆಯಲ್ಲಿ ಮಗಳ ಕೂಸಿಗೆ ಹಲ್ಲು ಬರುತ್ತಿತ್ತು. ರಾತ್ರಿಯಿಡೀ ಅದನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗಿ, ಬೆಳಿಗ್ಗೆ ಗಂಟೆಯ ಹಗ್ಗಕ್ಕೆ ಬಾವಲಿಯಂತೆ ಜೋತುಬಿದ್ದು ತೂಕಡಿಸುವ ಸ್ಥಿತಿ ಅವನದು.

ಅವನು ಮರೆತದ್ದು ಒಂದೇ. ಆ ಸಭೆಯಲ್ಲಿ ಯಾರೂ ಸಾಯುವುದಿಲ್ಲ, ವಿಶ್ರಾಂತಿ ಹೊಂದುತ್ತಾರೆ. ಆ ಹಲಗೆಯ ಮೇಲೆ ಈವರೆಗೆ ವಿಶ್ರಾಂತಿ ಹೊಂದಿದವರೆಲ್ಲ ಚರ್ಚಿನ ಹಿಂದಿನ ಸ್ಮಶಾನದಲ್ಲಿದ್ದರು.

ಮೊದಲು ಓದಿದವಳು ಹೊಲಿಗೆಯಕ್ಕ. ಓದಿದವಳೇ ಮೆಟ್ಟಿಲ ಮೇಲೆ ಕುಸಿದಳು. “ಅಯ್ಯೋ, ನಿನ್ನೆ ರಜೆ ಕೊಟ್ವಿ, ಇವತ್ತು ಹೋಗೇಬಿಟ್ರಾ!”

“ಇನ್ನೂ ಹೋಗಿಲ್ಲ ಅಕ್ಕಾ, ಮಧ್ಯಾಹ್ನ ಹೋಗ್ತಾರೆ. ಮೆಲ್ಲಗೆ ಮಾತಾಡಿ, ಎದ್ದುಬಿಡ್ತಾರೆ.”

ಅವಳು ಅವನನ್ನೇ ಕನಿಕರದಿಂದ ನೋಡಿದಳು. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ.

ಸ್ವಲ್ಪ ಹೊತ್ತಿಗೆ ಅಂಗಳ ತುಂಬಿತು. ಬಡಗಿ ಅಳತೆಪಟ್ಟಿ ಹಿಡಿದು ಬಂದ. “ಉದ್ದ ಎಷ್ಟಿದ್ದಾರು?”

“ಯಾರು?”

“ಅಯ್ಯನವರು. ಒಂದು ಅಳತೆ ತಗೊಂಡು ಹೋಗ್ತೀನಿ. ಒಳ್ಳೆ ಮರ ಎತ್ತಿಟ್ಟಿದ್ದೀನಿ.”

ಗಂಟೆಯಣ್ಣನಿಗೆ ಆಗ ಹೊಳೆಯಿತು. “ಅವರು ಬದುಕಿದ್ದಾರೋ ಮಾರಾಯಾ!”

“ನಮ್ಮಪ್ಪ ಹೋದಾಗ ನಾನೂ ಹೀಗೇ ಅಂದಿದ್ದೆ,” ಎಂದು ಬಡಗಿ ಅವನ ಬೆನ್ನು ಸವರಿದ.

“ಹಾಗಿದ್ರೆ ತೋರಿಸು,” ಎಂದರು ಸಭೆಯ ಹಿರಿಯರು.

ತೋರಿಸುವ ಹಾಗಿಲ್ಲ. ಮಾತು ಕೊಟ್ಟಿದ್ದ. ಚರ್ಚಿಗೆ ಅಂಟಿಕೊಂಡಿದ್ದ ಪಾಸ್ಟರ್ ಮನೆಯ ಬಾಗಿಲಿಗೆ ಅಡ್ಡ ನಿಂತು ಬಾಯಿ ಮುಚ್ಚಿಕೊಂಡ. ಅದೇ ಸಾವಿಗೆ ಸಾಕ್ಷಿಯಾಯಿತು.

ಹಿರಿಯರು ಕನ್ನಡಕ ತೆಗೆದರು. “ನಮ್ಮ ನಾಯಿ ಕಾಣೆಯಾದಾಗ ಸರಿರಾತ್ರೀಲಿ ಅವರನ್ನ ಎಬ್ಬಿಸಿದ್ದೆ. ಹುಡುಕೋಕೆ ಬಂದರು, ಆಗ ಅವರಿಗೇ ಜ್ವರ ಇತ್ತಂತೆ.”

“ನನ್ನ ಗಂಡ ಮಾತಾಡ್ತಿಲ್ಲ ಅಂತ ದಿನಾ ಬಂದು ಅಳ್ತಿದ್ದೆ,” ಎಂದಳು ಹೊಲಿಗೆಯಕ್ಕ. “ಒಂದಿನಾನೂ ‘ನಿಮಗೆ ಊಟ ಆಯ್ತಾ’ ಅಂತ ಕೇಳಲಿಲ್ಲ ನಾನು.”

ಅಂಗಳದಲ್ಲಿ ಅಳು ಜೋರಾಯಿತು. ಅಷ್ಟರಲ್ಲಿ ಕಿಟಕಿಯ ಪರದೆ ಅಲುಗಿತು. ಗಂಟೆಯಣ್ಣ ಹಿತ್ತಲ ಬಾಗಿಲಿಂದ ಒಳಗೆ ಓಡಿದ.

ಪಾಸ್ಟರ್ ಎದ್ದು ನಿಂತಿದ್ದರು. ನಿಲುವಂಗಿಯ ಒಂದು ತೋಳು ಹಾಕಿಯಾಗಿತ್ತು.

“ಯಾರಪ್ಪಾ ತೀರಿಕೊಂಡ್ರು? ಪಾಪ, ತುಂಬಾ ಅಳ್ತಿದ್ದಾರೆ. ಹೋಗಿ ಸಮಾಧಾನ ಹೇಳ್ಬೇಕು.”

“ನೀವೇ ಅಯ್ಯನವರೇ.”

ವಿಷಯ ತಿಳಿದು ಪಾಸ್ಟರ್ ಮಂಚದ ಮೇಲೆ ಕೂತರು. ಮತ್ತೆ ಇನ್ನೊಂದು ತೋಳಿಗೆ ಕೈ ಹಾಕಿದರು. ಪಾಸ್ಟರಮ್ಮ ಆ ಕೈ ಹಿಡಿದುಕೊಂಡರು.

“ಸತ್ತ ಮೇಲಾದ್ರೂ ಒಂದು ಸಲ ನನ್ನ ಮಾತು ಕೇಳ್ತೀರಾ?”

ಅವರು ಹೆಂಡತಿಯ ಮುಖ ನೋಡಿದರು. ನಿಲುವಂಗಿ ಕಳಚಿದರು. ಹೊದಿಕೆಯನ್ನು ಮಡಿಸಿಟ್ಟು, ಚೀಲ ಎತ್ತಿಕೊಂಡು, ಹಿತ್ತಲ ಬಾಗಿಲಿಂದ ಇಬ್ಬರೂ ಬಸ್ಸಿಗೆ ನಡೆದರು.

ಅವರು ತಿರುವು ದಾಟಿದ್ದನ್ನು ನೋಡಿ ಗಂಟೆಯಣ್ಣ ನಿಟ್ಟುಸಿರು ಬಿಟ್ಟ. ಇನ್ನು ತಪ್ಪು ತಿದ್ದಬೇಕು. ಹಲಗೆ ಒರೆಸಿ, ಯಾರಿಗೂ ಅನುಮಾನ ಉಳಿಯದಂತೆ ದಪ್ಪ ಅಕ್ಷರದಲ್ಲಿ ಬರೆದ: ‘ಪಾಸ್ಟರ್ ಎದ್ದಿದ್ದಾರೆ.’ ಬಾಗಿಲನ್ನೂ ಅಗಲವಾಗಿ ತೆರೆದ. “ಬನ್ನಿ, ನೀವೇ ನೋಡಿ!”

ಎಲ್ಲರೂ ಇಣುಕಿದರು. ಮಂಚ ಖಾಲಿ. ಬಿಳಿ ಹೊದಿಕೆ ಒಂದು ಕಡೆ ಮಡಿಸಿಟ್ಟಿದೆ, ಪ್ರಭು ಎದ್ದ ದಿನ ಖಾಲಿ ಸಮಾಧಿಯಲ್ಲಿ ಬಟ್ಟೆ ಇದ್ದ ಹಾಗೆಯೇ.

ಬಡಗಿಯ ಕೈಯಿಂದ ಅಳತೆಪಟ್ಟಿ ಬಿತ್ತು. ಹೊಲಿಗೆಯಕ್ಕ ಮೊಣಕಾಲೂರಿದಳು. “ಎದ್ದಿದ್ದಾರೆ!”

“ಹೂಂ ಅಕ್ಕಾ, ಎದ್ರು. ಎದ್ದು ಅಕ್ಕನ ಮನೆಗೆ ಹೋದ್ರು. ಬಸ್ಸಲ್ಲಿ!”

ಬಸ್ಸಿನ ಮಾತು ಯಾರ ಕಿವಿಗೂ ಬೀಳಲಿಲ್ಲ.

“ಎದ್ದಿದ್ದನ್ನ ಮೊದಲು ಕಂಡವನು ಯಾರು?” ಎಂದರು ಹಿರಿಯರು. ಎಲ್ಲರೂ ತಿರುಗಿ ನೋಡಿದರು. “ನೀನೇ. ಅವರು ಮರಳೋವರೆಗೂ ದಿನಾ ಬೆಳಿಗ್ಗೆ ಸಭೆ ಮುಂದೆ ನೀನೇ ನಿಂತು ಪ್ರಾರ್ಥನೆ ನಡೆಸ್ಬೇಕು.”

“ಬೆ... ಬೆಳಿಗ್ಗೆನಾ?”

“ಸಂಜೇನೂ. ಹೋಗು, ಮೊದಲು ಗಂಟೆ ಹೊಡಿ.”

ಗಂಟೆಯಣ್ಣ ಹಗ್ಗ ಹಿಡಿದ. ಅಷ್ಟು ಹೊತ್ತಿಗೆ ಎಲ್ಲೋ ಒಂದು ಬಸ್ಸಿನಲ್ಲಿ, ಹೆಂಡತಿಯ ಹೆಗಲಿಗೆ ತಲೆಯಾನಿಸಿ ಒಬ್ಬರಿಗೆ ನಿದ್ದೆ ಹತ್ತಿರಬೇಕು. ಅದನ್ನು ನೆನೆದು ಅವನ ಮನಸ್ಸು ತಣ್ಣಗಾಯಿತು. ಹಗ್ಗಕ್ಕೆ ಹಣೆ ಹಚ್ಚಿ ಕಣ್ಣು ಮುಚ್ಚಿದ.

ಯಾರೋ ತೋಳು ಮುಟ್ಟಿದರು. ಹೊಲಿಗೆಯಕ್ಕ.

“ಅಣ್ಣಾ, ನಿಮಗೆ ಊಟ ಆಯ್ತಾ?”

ಅವನು ಇಲ್ಲ ಎನ್ನಲು ಬಾಯಿ ತೆರೆಯುವುದರೊಳಗೆ ಅವಳು ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಮೂಗೊರೆಸಿಕೊಂಡಳು.

“ನನ್ನ ಗಂಡ ಇವತ್ತೂ ಮಾತಾಡ್ಲಿಲ್ಲ.”